ಕರೆ ನಮ್ಮ ವಿಳಾಸದಿಂದಲೇ

ಡಾಮಿನೋ ಆಡುತ್ತಿದ್ದವರನ್ನೆಲ್ಲ ಎಬ್ಬಿಸಿ ಅಂಗಡಿ ಮುಚ್ಚಿದ ಮೇಲೆ ನನ್ನ ಚಿಕ್ಕಪ್ಪನ ಮಗ ನೆರೆಯೊ, ಬಾವಿಯ ದಾರಿಯಲ್ಲಿ ಮನೆಗೆ ಹೊರಟಿದ್ದ. ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು... ಎರ್ಸಿಲಿಯಮ್ಮ. ಕೈಯಲ್ಲಿ ಫೋನು.

"ಲೋ ನೆರೆಯೊ, ಡೇವಿ ಮತ್ತೆ ಮಿಸ್ಡ್ ಕಾಲ್ ಕೊಟ್ಟ ಕಣೋ. ದಡ ಮುಟ್ಟಿದಾನೆ ನನ್ನ ಮಗ!"

ಡೇವಿ ಕಳ್ಳದೋಣಿ ಹತ್ತಿ ಕಡಲಾಚೆಯ ಪೋರ್ಟೊ ರಿಕೊಗೆ ಹೋದವನು. ಆ ದೋಣಿಯ ಸುದ್ದಿಯೇ ಇರಲಿಲ್ಲ. ಹೊರಡುವ ದಿನ ಅವನ ಫೋನನ್ನು ನಮ್ಮ ಅಂಗಡಿಯ ಹಸಿರು ಪಟ್ಟಿಯ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೀರು ಹೋಗದ ಹಾಗೆ ಗಂಟು ಬಿಗಿದು ಕೊಟ್ಟವನು ನಾನೇ.

ನೆರೆಯೊ ಎರ್ಸಿಲಿಯಮ್ಮನನ್ನೇ ಪಾಸ್‌ವರ್ಡ್ ಕೇಳಿ ಡೇವಿಯ ಇಂಟರ್ನೆಟ್ ಕರೆಯ ಖಾತೆ ತೆರೆದು ನೋಡಿದ. ಕರೆ ಬಂದ ಇಂಟರ್ನೆಟ್ ವಿಳಾಸ... ನಮ್ಮ ಅಂಗಡಿಯದು.

"ಇಲ್ಲೇ ಯಾರೋ ನಿಮ್ಮನ್ನ ಆಟ ಆಡಿಸ್ತಿದಾರೆ, ಅಮ್ಮ."

"ಯಾರು? ಹೆಸರು ಹೇಳು. ಪೊರಕೆ ತಗೊಂಡೇ ಹೋಗ್ತೀನಿ."

ಹೇಳುವುದು ಹೇಗೆ? ಇಡೀ ಕೇರಿಗೆ ಇಂಟರ್ನೆಟ್ ಮಾರುವವನು ನಾನು; ಅಂಗಡಿಯಲ್ಲೊಂದು ರೂಟರು, ಬಾವಿಯ ಕಂಬದ ಮೇಲೆ ಅದರ ಸಿಗ್ನಲ್ ಹಬ್ಬಿಸುವ ಸಣ್ಣ ಪೆಟ್ಟಿಗೆ. ಒಳಗೆ ಒಂದೊಂದು ಫೋನಿಗೂ ಒಂದೊಂದು ನಂಬರು. ಹೊರಗಿನ ಲೋಕಕ್ಕೆ ಮಾತ್ರ ನಾವೆಲ್ಲ ಒಂದೇ ವಿಳಾಸ. ಯಾವ ಮಾತು ಯಾವ ಫೋನಿನದು ಎಂದು ರೂಟರು ನೆನಪಿಟ್ಟುಕೊಂಡು ಉತ್ತರವನ್ನು ಅದಕ್ಕೇ ತಲುಪಿಸುತ್ತದೆ. ಮಾತು ನಿಂತು ಸ್ವಲ್ಪ ಹೊತ್ತಾದರೆ ಮರೆತುಬಿಡುತ್ತದೆ. ಕಳ್ಳನನ್ನು ಹಿಡಿಯಬೇಕಾದರೆ ರಿಂಗ್ ಆಗುವಾಗಲೇ ಹಿಡಿಯಬೇಕು.

ಮಾರನೆಯ ರಾತ್ರಿ ಮೂವರೂ ಅಂಗಡಿಯೊಳಗೆ ಕದ ಹಾಕಿ ಕೂತೆವು. ಫ್ರಿಜ್ಜಿನ ಗುಂಯ್ ಬಿಟ್ಟರೆ ಸದ್ದಿಲ್ಲ. ಆಮೇಲೆ ಕೌಂಟರಿನ ಮೇಲಿದ್ದ ಎರ್ಸಿಲಿಯಮ್ಮನ ಫೋನು... ಟರ್ರ್... ಟರ್ರ್...

"ಎತ್ತಬೇಡಿ," ನೆರೆಯೊ ಪಿಸುಗುಟ್ಟಿದ. ರೂಟರಿನಲ್ಲಿ ಫೋನುಗಳ ಪಟ್ಟಿ ನೋಡಿದ. ಮತ್ತೊಮ್ಮೆ ನೋಡಿದ.

"ಯಾರೋ ಅದು?" ಅಂದೆ.

"ಡೇವಿ ಫೋನೇ ಕಣಣ್ಣ... ಬಾವಿ ಕಂಬದಿಂದ ಬರ್ತಿದೆ."

ಎರ್ಸಿಲಿಯಮ್ಮ ಕರೆ ಎತ್ತಿಬಿಟ್ಟರು. ಬುಳು... ಬುಳು... ಕೊಡ ಮುಳುಗುವ ಸದ್ದು. ಅಷ್ಟೇ. ಕರೆ ಕಟ್ಟಾಯಿತು.

"ಹೊರಗಿಂದ, ಆಚೆ ದಡದಿಂದ ಬಂದಿದ್ರೆ ಸಾಕಿತ್ತು," ಅಂದರು ಎರ್ಸಿಲಿಯಮ್ಮ. ಅಳಲಿಲ್ಲ. ಮತ್ತೆಂದೂ ಆ ಫೋನಿಗೆ ಚಾರ್ಜು ಹಾಕಲೂ ಇಲ್ಲ.

ನಾವಿಬ್ಬರೂ ಟಾರ್ಚ್ ಹಿಡಿದು ಬಾವಿಗೆ ಓಡಿದೆವು. ಒಂದು ನರಪಿಳ್ಳೆಯೂ ಇಲ್ಲ. ಕಟ್ಟೆಯ ಮೇಲೆ ಹಸಿರು ಪಟ್ಟಿಯ ಚೀಲ, ತೊಯ್ದಿತ್ತು. ಬೆರಳಿಗೆ ಹಚ್ಚಿ ನೆಕ್ಕಿ ನೋಡಿದೆ... ಉಪ್ಪು. ನಮ್ಮ ಬಾವಿಯದು ಸಿಹಿನೀರು.

ನಂಬದಿದ್ದರೆ ಬಿಡಿ, ಸುಳ್ಳು ಹೇಳಿ ನನಗೇನೂ ಲಾಭವಿಲ್ಲ. ಚೀಲ ಅಂಗಡಿಯಲ್ಲೇ ಇದೆ, ಬಂದು ನೋಡಿ. ಎಲ್ಲೂ ಹರಿದಿಲ್ಲ. ಒಳಗೆ ಖಾಲಿ. ನಾನು ಹಾಕಿದ ಗಂಟು ಹಾಗೇ ಇದೆ.