ಎಂಜಿನ್ನಿನ ಕುಂಕುಮ

ದೇಸೂರಿನಲ್ಲಿ ಖಾನಾಪುರದ ಮೋಟರು ಕಾಯುತ್ತಿದ್ದ ಅವಧೂತನ ಕಿವಿ ಪಕ್ಕದಲ್ಲಿದ್ದ ತಾರಾಬಾಯಿ ಮತ್ತು ಅವಳ ತಮ್ಮ ಭೂಪಾಲನ ಮಾತಿಗೆ ಹೊರಳಿತು.

"ಪೆಟ್ರೋಲ ನಳಿಗಿ ಬಿರಕ ಬಿಟ್ಟಿದ್ದು ನಿನ್ನ ಪಾರೀಸಗ ಕಾಣಲಿಲ್ಲೇನಕ್ಕಾ? ದಿನಾ ಎಂಜಿನ್ ಒರಸಿ ಮೋಟರು ಬಿಡಾಂವ ಅಂವ."

"ದಸರಾದಾಗ ಖಂಡೇಪೂಜಾಕ್ಕ ಮಾಲಕರು ನಳಿಗಿ ತುಂಬ ಕುಂಕುಮ ಬಡದಿದ್ರು. ದೀಪಾವಳಿತನಕ ಒರಸಬ್ಯಾಡ, ಅಪಶಕುನ ಅಂದ್ರು."

"ಅದರ ಕೆಳಗನ ಬಿರಕ?"

"ಹೂಂ. ಬೆಂಕಿ ಹತ್ತಿದಾಗ ನನ್ನ ಮಗ ಮಂದೀನೆಲ್ಲಾ ಇಳಿಸಿದ. ತಾನು ಇಳೀಲಿಲ್ಲ."

ಮೋಟರು ಬಂತು. ನೀರು ಹಾಕಲು ಚಾಲಕ ಎಂಜಿನ್ನಿನ ಮುಚ್ಚಳ ಎತ್ತಿದ. ಒಳಗಿನ ನಳಿಗೆಯೆಲ್ಲ ಕೆಂಪಗಿತ್ತು. ಭೂಪಾಲ ಹೆಗಲ ಮೇಲಿನ ವಲ್ಲಿ ತೆಗೆದು ಒರೆಸಹೋದ.

"ಮುಟ್ಟಬ್ಯಾಡ್ರಿ ಕಾಕಾ, ಪೂಜಾ ಮಾಡೇವಿ."

ತಾರಾಬಾಯಿ ಚಾಲಕನ ಎಳೆಯ ಮುಖವನ್ನೇ ನೋಡಿದಳು.

"ನಡಿ ಭೂಪಾಲ, ನಡಕೋತ ಹೋಗೂಣು."

ಅವರು ಹೊರಟಾಗ ಅವಧೂತನ ಒಂದು ಕಾಲು ಮೋಟರಿನ ಮೆಟ್ಟಿಲ ಮೇಲಿತ್ತು.