ಎಡಗೈ ತಂಗಿ

ದೀಪ ಸಣ್ಣ ಮಾಡಿ, ಹೇಳ್ತೀನಿ. ಯಾರೋ ಹೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು.

ಹೊತ್ತು ಮೀರಿತ್ತು. ಅಣ್ಣ ಆಲದ ಮರ ದಾಟಿ ಹಾಳುಬಾವಿ ಪಕ್ಕ ಬರ್ತಿದ್ದ. ಬಗಲಲ್ಲಿ ಚೀಲ, ಚೀಲದಲ್ಲಿ ಒಂದು ಫೋಟೋ...

ಹಳೇ ಗ್ರಾಮಫೋನ್ ಹಾಡುಗಳನ್ನ ಮತ್ತೆ ಹೊರಗೆ ತರುವಾಗ ಆಲ್ಬಮ್ಮಿನ ಮೇಲಿನ ಕವರ್ ಚಿತ್ರ ಮಾಡೋದು ಅವನ ಕೆಲಸ. ಈ ಸಲ ಮೂವರು ಅಕ್ಕತಂಗಿಯರ ತಂಡ. ಕಿರಿಯವಳು ನುಡಿಸ್ತಿದ್ದಿದ್ದು ಗಿಟಾರ್ ಅಂತ ಒಬ್ಬರು, ಪಿಟೀಲು ಅಂತ ಇನ್ನೊಬ್ಬರು. ಬದುಕಿ ಉಳಿದಿದ್ದು ಹಿರಿಯಕ್ಕ ಒಬ್ಬಳೇ, ಹಾಸಿಗೆ ಹಿಡಿದ ಅಜ್ಜಿ. ಅವಳ ಗೋಡೆ ಮೇಲೆ ತಂಗಿಯ ಮ್ಯಾಂಡೊಲಿನ್ ನೇತಾಡ್ತಿತ್ತು. ವಾದ್ಯದ ಜಗಳ ಮುಗೀತು. ಆದರೆ ಮನೇಲಿ ಫೋಟೋ ಒಂದೂ ಇಲ್ಲ. ತಂಗಿ ಪ್ರಾಣ ಹೋಗಿದ್ದು ಅದೇ ಹಾಳುಬಾವೀಲಿ.

"ಕಣ್ಣು ಮುಚ್ಚೋ ಮೊದಲು ಅವಳನ್ನ ಒಂದ್ಸಲ ನೋಡ್ಬೇಕು ಕಣಪ್ಪಾ" ಅಂದಿದ್ಲು ಅಜ್ಜಿ.

ಅಣ್ಣ ಹಳೇ ಸ್ಟುಡಿಯೋಗಳನ್ನೆಲ್ಲ ಜಾಲಾಡಿ ಫೋಟೋ ತಂದ. ಅದರಲ್ಲಿ ತಂಗಿ ಎಡಗೈಲಿ ಮೀಟ್ತಿದ್ಲು. ನಮ್ಮಣ್ಣನೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ. 'ನೆಗೆಟಿವ್ ತಿರುಗುಮುರುಗಾಗಿ ಪ್ರಿಂಟ್ ಆಗಿದೆ' ಅಂತ ಕಂಪ್ಯೂಟರಲ್ಲಿ ಮಗುಚಿ ಬಲಗೈ ಮಾಡಿಬಿಟ್ಟ.

ಆ ಸಂಜೆ ಅಜ್ಜಿಗೆ ತೋರಿಸಿದ. ಬಹಳ ಹೊತ್ತು ನೋಡಿದ್ಲು... ಆಮೇಲೆ ಗೋಡೆ ಕಡೆ ಹೊರಳಿದ್ಲು.

"ಇವಳು ನನ್ನ ತಂಗಿ ಅಲ್ಲ."

ಅರಳುಮರಳು ಅಂದ್ಕೊಂಡು ಅಣ್ಣ ಹೊರಟ. ಬಾವಿ ಹತ್ತಿರ ಬಂದ...

ಟಿಣ್.

ನಿಂತ. ಕಿರ್ರ್... ತಂತಿ ಬಿಗಿ ಮಾಡೋ ಸದ್ದು. ಮತ್ತೆ ಟಿಣ್, ಟಿಣ್... ಬಾವಿ ಒಳಗಿಂದ.

"ಅಣ್ಣಾ..."

"ಯಾ... ಯಾರು?"

"ಅಕ್ಕ ಗುರುತು ಹಿಡೀಲಿಲ್ಲ... ನನ್ನ ಕೈ ಯಾಕೆ ಬದಲಾಯಿಸಿದ್ರಿ?"

ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಬೆಳಗ್ಗೆ ಫೋಟೋನ ಮಗುಚದೆ ಮೊದಲಿದ್ದ ಹಾಗೇ ಪ್ರಿಂಟ್ ಹಾಕಿಸ್ಕೊಂಡು ಹೋದ. ಒಬ್ಬನೇ ಹೋಗೋಕೆ ಧೈರ್ಯ ಇಲ್ಲ, ನನ್ನನ್ನೂ ಎಳ್ಕೊಂಡು ಹೋದ. ಅಜ್ಜಿ ಆ ಎಡಗೈನ ಬೆರಳಲ್ಲಿ ಸವರಿದ್ಲು.

"ಹ್ಞೂಂ, ಇವಳೇ. ಅಮ್ಮ ಎಷ್ಟು ಹೊಡೆದ್ರೂ ಕೈ ಬದಲಾಯಿಸಲಿಲ್ಲ, ಹಟಮಾರಿ ಮುಂಡೇದು..." ಅಂತ ನಗ್ತಾ ನಗ್ತಾ ಅತ್ತುಬಿಟ್ಲು.

ಆಗಲೇ ಕೇಳಿಸಿದ್ದು... ತೊಟ್. ತೊಟ್.

ಗೋಡೆ ಮೇಲಿನ ಮ್ಯಾಂಡೊಲಿನ್ ಸೋರ್ತಿತ್ತು. ಮಳೆ ಇಲ್ಲ, ಸೂರು ಒಣಗಿತ್ತು. ಅಣ್ಣ ಅದನ್ನ ಇಳಿಸಿ ಬಗ್ಗಿಸಿದ. ಒಳಗಿಂದ ನೀರು ಸುರೀತು, ಜೊತೆಗೆ ಹಸೀ ಪಾಚಿ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆ ನೆಲ ಒರೆಸಿದ್ದು ನಾನೇ.