ಮಠಕ್ಕ ಹೋದ ಬೆಲ್ಲದ ಪೆಂಟಿ

ಕಂದೀಲು ಸಣ್ಣದು ಮಾಡ್ರಿ… ಹಾಂ, ಸಾಕು. ಇದು ನಮ್ಮ ಚಿಕ್ಕಪ್ಪನ ಮಗ ಜಕ್ಕಪ್ಪಗ ಆದದ್ದು. ತೊಂಬತ್ತೆರಡನೇ ಇಸವಿ, ಶೇಡಬಾಳ ಕಡೆ ಹೊಳಿದಂಡಿ ಹೊಲ.

ಕಬ್ಬಿಗೆ ನೀರು ಹಾಯಿಸಿ ರಾತ್ರಿ ಮನಿಗೆ ಹೊಂಟಿದ್ದ. ಕರೆಂಟ್ ಹೋಗಿತ್ತು, ಮೋಟರ್ ಬಂದ್. ಆಲದ ಮರದ ಹತ್ರ ಬಂದಾಗ ಹಿಂದ ಕಬ್ಬಿನಾಗ ಸಪ್ಪಳ. ಪಟ್… ಪಟ್… ಪಟಪಟಪಟ.

ಹೊಲ ರಾವಸಾಹೇಬಂದು, ಜಕ್ಕಪ್ಪ ಅಲ್ಲಿ ಆಳು. ಭಾಳ ಮಡಿವಂತ ರೀ ಅಂವ! ಇರಿವಿ ತುಳಿದ್ರ ಶಿವ ಶಿವ ಅಂತಿದ್ದ. ಮೀನಿನ ಬುಟ್ಟಿ ಎದುರು ಬಂದ್ರ ಧೋತರದ ಚುಂಗು ಮೂಗಿಗೆ ಹಿಡೀತಿದ್ದ. ಮಠದ ಪಂಚರಾಗ ಹಿರೇತನ ಬೇಕಾಗಿತ್ತು ಅಂವಗ. ಆದ್ರ ತನ್ನ ಕಬ್ಬು ಎಲ್ಲಾರಕಿಂತ ಮೊದಲು ಕಡೀಲಿ ಅಂತ ಒಂದು ಸಕ್ರಿ ಕಾರ್ಖಾನಿಯ ಹೊಲಸು ನೀರಿನ ಟ್ಯಾಂಕರಿಗೆ ಹೊಲದಾಗ ಹಾದಿ ಬಿಟ್ಟ. ಕರೀ ನೀರು ಸೀದಾ ಹೊಳಿದಂಡಿ ಜವಳು ನೀರಿನ ತಗ್ಗಿಗೆ. ಮೀನು, ಕಪ್ಪಿ, ಏಡಿ… ಎಲ್ಲಾ ಹೊಟ್ಟಿ ಮ್ಯಾಲ ಮಾಡಿ ತೇಲಿದ್ವು. ಬೆಳ್ಳಕ್ಕಿ ಬರೋದು ಬಿಟ್ವು. ಕುರಿ ಕಾಯೋ ತಾರವ್ವನ ಎಮ್ಮಿ ಆ ನೀರು ಕುಡದು ಅಲ್ಲೇ ಕಾಲು ಚಾಚಿತು.

ಸತ್ತ ಅಷ್ಟೂ ಮೀನು ರಾವಸಾಹೇಬ ಜಕ್ಕಪ್ಪನ ಕೈಲೇ ಹೂಳಿಸಿದ. ಎಲ್ಲಿ ಗೊತ್ತೇನು? ಮಠದ ಬೆಲ್ಲಕ್ಕಂತ ಮೀಸಲು ಬಿಟ್ಟ ಕಬ್ಬಿನ ಪಟ್ಟಿಯಾಗ! ದೇವರ ಕಬ್ಬಿನಾಗ ಯಾರು ಹುಡುಕ್ತಾರ? "ನಾವೇನು ತಿಂತೇವೇನಲೇ? ತಿಂದವರಿಗೆ ಪಾಪ. ಹೂಳು, ಗೊಬ್ಬರ ಆಕ್ಕಾವ," ಅಂದಿದ್ದ. ಥೂ ಅವನ ಮಡಿಗೆ!

ಈಗ ಆ ಪಟ್ಟಿಯಾಗನ ಸಪ್ಪಳ. ಜಕ್ಕಪ್ಪ ಬ್ಯಾಟರಿ ಬಿಟ್ಟು ನೋಡಿದ. ಆ ಪಟ್ಟಿಗೆ ನೀರು ಬಿಟ್ಟಿರ್ಲಿಲ್ಲ, ಸಾಲು ಒಣಾ ಒಣಾ, ಏನೂ ಇಲ್ಲ. ಸಪ್ಪಳ ನಿಲ್ಲವಲ್ದು. ಒಣ ರವದಿ, ಕಬ್ಬಿನ ಗರಿ ಮ್ಯಾಲ ನೀರಿಲ್ಲದ ಮೀನು ಒದ್ದಾಡಿದಂಗ. ಹೊಲದ ಮನಿಯಾಗ ಮಲಗಿದ್ದ ರಾವಸಾಹೇಬನ್ನ ಎಬ್ಬಿಸಿಕೊಂಡು ಬಂದ.

"ಸಾವ್ಕಾರ್ರ… ಕೇಳಾಕತ್ತೈತೇನ್ರಿ?"

"ಹೆಗ್ಗಣಲೇ."

"ಹೆಗ್ಗಣ ಹಿಂಗ ಬಡಕೊಳ್ಳೂದಿಲ್ರಿ…"

"ಬಾಯಿ ಮುಚ್ಚು. ನಾಳೆ ಈ ಪಟ್ಟಿ ಕಡಿಸು."

ಕಡಿದ್ರು. ಗಾಣ ಹೂಡಿದ್ರು. ಮೊದಲ ಪೆಂಟಿ ಮಠಕ್ಕ ಹೋತು. ಅವತ್ತ ಹಿರೇತನ ಯಾರಿಗೆ ಅಂತ ಹೇಳೋದಿತ್ತು, ಊರಿಗೂರು ಕೂಡಿತ್ತು. ರಾವಸಾಹೇಬ ಕೈಯಾರೆ ಪೆಂಟಿ ಒಡೆದ. ಒಳಗ… ಬೆಳ್ಳಗ ಮಿಣಮಿಣ.

"ಇವು ಮೀನಿನ ಮೈ ಮ್ಯಾಲಿನ ಹುರುಪಿ ಅಲ್ಲೇನ್ರಿ?" ಅಂದ್ಲು ತಾರವ್ವ.

ಎಲ್ಲಾರೂ ಬಗ್ಗಿ ನೋಡಿದ್ರು.

"ಏ, ಕಬ್ಬಿನ ಸಿಪ್ಪಿ ಬೇ!" ಅಂದ ರಾವಸಾಹೇಬ. ಅಂದು, ದೊಡ್ಡ ಚೂರು ತಗೊಂಡು ಬಾಯಾಗ ಇಟ್ಟ. ಕರುಕ್… ಕರುಕ್… ಕಣ್ಣಾಗ ನೀರು ಬಂದು, ನುಂಗಿದ. ಮಡಿವಂತ ನುಂಗಿದ ರೀ!

ಹಿರೇತನ ಸಿಕ್ಕಿತು. ನಮ್ಮ ಮಂದಿನರ ಏನ್ ಕಮ್ಮಿ? ಕಣ್ಣಿಗೆ ಕಂಡದ್ದನ್ನ ಕಣ್ಣಿಗೊತ್ತಿಕೊಂಡು, ಪ್ರಸಾದ ಅಂತ ತಿಂದ್ರು. ನಾನೂ ಅಲ್ಲೇ ಕುಂತಿದ್ದೆ. ತಿನ್ನದಾಕಿ ತಾರವ್ವ ಒಬ್ಬಾಕಿ, ಇನ್ನೊಬ್ಬ ಜಕ್ಕಪ್ಪ.

ಅಂವ ತನ್ನ ಚೂರು ತಂಬಾಕಿನ ಸಂಚ್ಯಾಗ ಹಾಕಿಕೊಂಡು ಬಂದ. ಸುಳ್ಳಂದ್ರ ಅವನ್ನ ಕೇಳ್ರಿ, ಇನ್ನೂ ಅದಾನ. ಇದ ಆ ಸಂಚಿ, ಅಂವನ ನನಗ ಕೊಟ್ಟದ್ದು. ಬೆಲ್ಲ ಯಾವಾಗೋ ಕರಗಿ ಹೋಗೇತಿ, ಒಂದು ಹುರುಪಿ ಉಳದೈತಿ. ಇಷ್ಟು ವರ್ಷ ಒಣ ತಂಬಾಕಿನಾಗ ಬಿದ್ದೈತಿ.

ಮುಟ್ಟಿ ನೋಡ್ರಿ… ಹಸೀ ಐತಿ.